ಪ್ರಶ್ನೋತ್ತರ: ನಿಸರ್ಗ ಶಿಬಿರದಲ್ಲಿ ಹಿರಿಯಕ್ಕನ ಕೆಲಸ

ಮಾರ್ಚ್ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಈ ಅಂಕಣಕ್ಕೆ ಬರುವ ಪತ್ರಗಳ ವಿಷಯವೇ ಬದಲಾಗುತ್ತದೆ. ಈ ಸಲ ಬಂದವುಗಳಲ್ಲಿ ಹೆಚ್ಚಿನವು ಮಕ್ಕಳ ಬೇಸಿಗೆ ಶಿಬಿರಗಳ ಕುರಿತಾದವು, ಅದರಲ್ಲೂ ಕಾಸರಗೋಡಿನ ಕನ್ನಡ ಊರುಗಳಲ್ಲಿ ನಿಸರ್ಗ ಶಿಬಿರದ ಹೊಣೆ ಹೊತ್ತವರು ಬರೆದವು. ಆದ್ದರಿಂದ ಈ ತಿಂಗಳ ಪುಟಗಳನ್ನು ಅವುಗಳಿಗೇ ಬಿಟ್ಟುಕೊಟ್ಟಿದ್ದೇನೆ. ಬರೆದವರ ಹೆಸರನ್ನು ಕೈಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇನೆ.

ಪೆರ್ಲದಿಂದ ಒಬ್ಬ ವಿದ್ಯಾರ್ಥಿನಿ: ನಾನು ಬಿ.ಎಡ್. ಓದುತ್ತಿದ್ದೇನೆ. ಕಳೆದ ಎರಡು ಬೇಸಿಗೆಗಳಲ್ಲಿ ನಮ್ಮೂರಿನ ಶಾಲೆಯಲ್ಲಿ ನಡೆದ ನಿಸರ್ಗ ಶಿಬಿರದಲ್ಲಿ ಒಂದು ಗುಂಪಿನ ಮಕ್ಕಳನ್ನು ನೋಡಿಕೊಂಡಿದ್ದೆ. ಈ ವರ್ಷ ವಿಷುವಿನ ಬಳಿಕ ಐದು ದಿನಗಳ ವಸತಿ ಶಿಬಿರವಿದ್ದು, ಅದರ ಮುಖ್ಯ ಮಾರ್ಗದರ್ಶಿಯಾಗಬೇಕೆಂದು ನನ್ನನ್ನೇ ಕೇಳಿದ್ದಾರೆ. ಮೂವತ್ತೆರಡು ಮಕ್ಕಳು, ನಾಲ್ಕು ಗುಂಪುಗಳು, ಎಂಟು ಮಂದಿ ಸ್ವಯಂಸೇವಕರು. ನನಗೆ ಹತ್ತಿಪ್ಪತ್ತು ಹಕ್ಕಿಗಳ ಹೆಸರಿಗಿಂತ ಹೆಚ್ಚು ಗೊತ್ತಿಲ್ಲ. ಮಕ್ಕಳು ಕೇಳಿದ್ದಕ್ಕೆ ಉತ್ತರ ತಿಳಿಯದಿದ್ದರೆ ನಗೆಗೀಡಾಗುವೆನೇ ಎಂಬ ಭಯವಿದೆ. ಒಪ್ಪಿಕೊಳ್ಳಲೇ?

ಒಪ್ಪಿಕೊಳ್ಳಿ. ಹಕ್ಕಿಗಳ ಹೆಸರು ಹೇಳಲು ತಿಳಿದವರೊಬ್ಬರನ್ನು ಒಂದು ಬೆಳಗಿನ ಮಟ್ಟಿಗೆ ಕರೆಸಿಕೊಂಡರಾಯಿತು. ಆದರೆ ಅವರ ಮಾತು ಕೇಳಲು ಕುಳಿತ ಮಕ್ಕಳು ಹಿಂದಿನ ರಾತ್ರಿ ನಿದ್ದೆ ಮಾಡಿದ್ದಾರೆಯೇ, ತಿಂಡಿ ತಿಂದಿದ್ದಾರೆಯೇ, ಎಲ್ಲರೂ ಅಲ್ಲಿದ್ದಾರೆಯೇ ಎಂದು ನೋಡುವ ಕೆಲಸಕ್ಕೆ ಹೊರಗಿನವರು ಒದಗುವುದಿಲ್ಲ. ಗುಂಪಿನ ಅಕ್ಕನಾಗಿದ್ದಾಗ ನಿಮ್ಮ ಕಣ್ಣು ಎಂಟು ಮಕ್ಕಳ ಮೇಲಿತ್ತು. ಇನ್ನು ಅದು ಎಂಟು ಮಂದಿ ಸ್ವಯಂಸೇವಕರ ಮೇಲಿರಬೇಕು. ಇದು ಹೇಳಿದಷ್ಟು ಸುಲಭವಲ್ಲ, ಏಕೆಂದರೆ ಪರಿಚಯದ ಮಕ್ಕಳು ಬಂದು ಕೈಹಿಡಿದು ಎಳೆಯುತ್ತಾರೆ, ನಾವೇ ಒಂದು ಗುಂಪನ್ನು ಕರೆದುಕೊಂಡು ಗುಡ್ಡೆ ಹತ್ತಿಬಿಡೋಣ ಎನಿಸುತ್ತದೆ. ಹತ್ತಬೇಡಿ. ನಿಮಗೆ ಸ್ವಂತ ಗುಂಪು ಇರಲೇಕೂಡದು. ಯಾವ ಗುಂಪಿನಲ್ಲಿ ಯಾರಿಗೆ ಕಾಲು ಉಳುಕಿದರೂ ಆ ಕ್ಷಣಕ್ಕೆ ಅಲ್ಲಿಗೆ ಹೋಗಲು ಕೈ ಖಾಲಿಯಿರುವ ಒಬ್ಬರು ಶಿಬಿರದಲ್ಲಿ ಬೇಕು, ಆ ಒಬ್ಬರು ನೀವು.

ಸ್ವಯಂಸೇವಕರು ಸಾಮಾನ್ಯವಾಗಿ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರು. ಮೊದಲನೆಯ ದಿನ ಅವರ ಉತ್ಸಾಹಕ್ಕೆ ಲಗಾಮು ಹಾಕಬೇಕಾಗುತ್ತದೆ, ಮೂರನೆಯ ದಿನ ಅವರನ್ನು ತಟ್ಟಿ ಎಬ್ಬಿಸಬೇಕಾಗುತ್ತದೆ. ಮಕ್ಕಳು ಮಲಗಿದ ಮೇಲೆ ಅವರು ನಡುರಾತ್ರಿಯ ತನಕ ಹರಟೆ ಹೊಡೆಯುತ್ತಾರೆ, ಬೆಳಗ್ಗೆ ಐದೂವರೆಗೆ ಮಕ್ಕಳೇ ಅವರನ್ನು ಎಬ್ಬಿಸುತ್ತಾರೆ. ನಾನು ಕಂಡ ಅವಘಡಗಳಲ್ಲಿ ಹೆಚ್ಚಿನವು ಮೂರನೆಯ ದಿನ ಮಧ್ಯಾಹ್ನದವು. ತುಂಟ ಮಕ್ಕಳಿಗಿಂತ ನಿದ್ದೆಗೆಟ್ಟ ದೊಡ್ಡವರೇ ಅವುಗಳಿಗೆ ಕಾರಣರಾಗಿದ್ದರು. ಆದ್ದರಿಂದ ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಗಂಟೆಯ ಬಿಡುವು ಸಿಗುವಂತೆ ಶಿಬಿರಕ್ಕೆ ಮೊದಲೇ ಪಟ್ಟಿ ಬರೆದು ಅಡುಗೆಕೋಣೆಯ ಬಾಗಿಲಿಗೆ ಅಂಟಿಸಿಬಿಡಿ. ರಾತ್ರಿಯ ಸಭೆ ಇಪ್ಪತ್ತು ನಿಮಿಷ ಮೀರದಿರಲಿ. ಅದರಲ್ಲಿ ನಾನು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: ಇವತ್ತು ಸರಿಯಾಗಿ ಉಣ್ಣದವರು ಯಾರು, ಯಾರೊಡನೆಯೂ ಮಾತಾಡದವರು ಯಾರು, ಶೌಚಕ್ಕೆ ಹೋಗದವರು ಯಾರು? ಮೂರನೆಯದನ್ನು ಕೇಳಿ ಹೊಸಬರು ನಗುತ್ತಾರೆ. ಮನೆಯ ಶೌಚಾಲಯಕ್ಕೆ ಒಗ್ಗಿದ ಮಗು ಶಾಲೆಯದ್ದಕ್ಕೆ ಹೋಗಲು ನಾಚಿ ಎರಡು ದಿನ ತಡೆದುಕೊಳ್ಳುತ್ತದೆ, ಮೂರನೆಯ ದಿನ ಹೊಟ್ಟೆನೋವೆಂದು ಅಳುತ್ತದೆ, ನಾವು ಹಲಸಿನ ಹಣ್ಣನ್ನು ದೂರುತ್ತೇವೆ.

ಎಣಿಕೆಯ ವಿಷಯದಲ್ಲಿ ನನ್ನದೇ ತಪ್ಪೊಂದನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ನಿಮ್ಮ ಎಣ್ಮಕಜೆಯ ಕಡೆಯಲ್ಲೇ, ಮಕ್ಕಳಿಗೆ ಸುರಂಗ ತೋರಿಸಲು ಒಂದು ತೋಟಕ್ಕೆ ಹೋಗಿದ್ದೆವು. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು, ಪಂಪಿನ ಹಂಗಿಲ್ಲದೆ ತಾನಾಗಿ ಹರಿದು ಬರುವಂತೆ ನೀರು ತರುವ ಈ ಸುರಂಗಗಳು ಮುರಕಲ್ಲಿನ ನಮ್ಮ ಸೀಮೆಯ ಹೆಮ್ಮೆ. ಒಬ್ಬ ಮನುಷ್ಯ ನುಸುಳುವಷ್ಟೇ ಅಗಲ, ಒಳಗೆ ಕತ್ತಲು, ಬಾವಲಿಗಳ ವಾಸನೆ. ಬಾಯಿಯಲ್ಲೇ ನಿಂತು ನೋಡಿ ಮರಳುವಾಗ ನಾನು ತಲೆ ಎಣಿಸಿದೆ, ಮೂವತ್ತೊಂದು ಸರಿಯಾಗಿ ಸಿಕ್ಕಿತು, ಹೊರಟೆವು. ಕಾಲು ಗಂಟೆಯ ಬಳಿಕ ಬೆಲ್ಲ ನೀರು ಹಂಚುವಾಗ ಹುಡುಗಿಯೊಬ್ಬಳು, ತನ್ನ ಜೊತೆಗಾರ್ತಿ ಇಲ್ಲವೆಂದಳು. ಮತ್ತೆ ಎಣಿಸಿದೆ, ಮತ್ತೆ ಮೂವತ್ತೊಂದು. ಅಡುಗೆಯವರ ಮಗ ನಡುವೆ ಸಾಲಿಗೆ ಸೇರಿಕೊಂಡಿದ್ದ. ಓಡಿ ಹೋಗಿ ನೋಡಿದರೆ ಆ ಮಗು ಸುರಂಗದ ಬಾಯಿಯಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಒದ್ದೆ ಗೋಡೆಗೆ ಅಂಟಿಕೊಂಡಿದ್ದ ಕಪ್ಪೆಯ ಗಂಟಲು ಏರಿಳಿಯುವುದನ್ನು ನೋಡುತ್ತಿತ್ತು. ನಿಜ ಹೇಳಬೇಕೆಂದರೆ ಆ ಮೂವತ್ತೊಂದು ಮಕ್ಕಳಲ್ಲಿ ನಾವು ಕರೆದೊಯ್ದ ಉದ್ದೇಶವನ್ನು ಪೂರೈಸಿದವಳು ಅವಳೊಬ್ಬಳೇ. ಅಂದಿನಿಂದ ನಾನು ಸಂಖ್ಯೆಯನ್ನು ನಂಬುವುದಿಲ್ಲ. ಮಕ್ಕಳನ್ನು ಜೋಡಿ ಮಾಡಿ, ಪ್ರತಿ ಮಗುವೂ ತನ್ನ ಜೋಡಿಯ ಹೆಸರನ್ನು ಕೂಗಿ ಹೇಳುವಂತೆ ಮಾಡಿ, ಗುಂಪಿನ ಅಕ್ಕ ಅಥವಾ ಅಣ್ಣ ಮುಖ ನೋಡಿ ಪಟ್ಟಿಯಲ್ಲಿ ಗುರುತು ಹಾಕಿದ ಮೇಲೆಯೇ ಹೆಜ್ಜೆ ಮುಂದಿಡಬೇಕು. ಸಾಲಿನ ಕೊನೆಯಲ್ಲಿ ಸದಾ ಒಬ್ಬ ದೊಡ್ಡವರಿರಬೇಕು, ಅವರ ಹಿಂದೆ ಯಾವ ಮಗುವೂ ಇರಕೂಡದು.

ಹೆಸರು ಗೊತ್ತಿಲ್ಲದಿರುವುದರಿಂದ ಆಗುವ ಲಾಭವನ್ನೂ ಹೇಳುತ್ತೇನೆ. ಒಮ್ಮೆ ಏಪ್ರಿಲ್ ಕೊನೆಯಲ್ಲಿ ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ ಮೇಲೆ ಹೋಗುತ್ತಿದ್ದಾಗ ಬರಿ ನೆಲದ ಕಲ್ಲುಗಳ ನಡುವೆ ಮಚ್ಚೆಯಿರುವ ನಾಲ್ಕು ಮೊಟ್ಟೆಗಳು ಕಂಡವು. ಮೇಲೆ ಒಂದು ಹಕ್ಕಿ ಕಿರುಚುತ್ತಾ ಸುತ್ತುತ್ತಿತ್ತು. ಆ ಗುಂಪಿನ ಸ್ವಯಂಸೇವಕ ಹಕ್ಕಿ ಯಾವುದೆಂದು ತಿಳಿಯದೆ, "ನನಗೂ ಗೊತ್ತಿಲ್ಲ, ದೂರ ಕೂತು ನೋಡೋಣ" ಎಂದ. ಗೇರು ಮರದ ನೆರಳಿನಲ್ಲಿ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ ತೊಟ್ಟು ಕುಳಿತ ಆ ಎಂಟು ಮಕ್ಕಳು ಮುಕ್ಕಾಲು ಗಂಟೆ ಕದಲಲಿಲ್ಲ. ಹಕ್ಕಿ ಮೊಟ್ಟೆಗಳ ಮೇಲೆ ನೆರಳಾಗಿ ನಿಲ್ಲುವುದನ್ನು, ಆಗಾಗ ಎದ್ದು ಕೆಳಗಿನ ಮದಕದ ಕಡೆಗೆ ಹಾರಿ ಹೋಗುವುದನ್ನು, ಹಿಂತಿರುಗಿದಾಗ ಅದರ ಹೊಟ್ಟೆಯ ಗರಿಗಳು ಒದ್ದೆಯಾಗಿರುವುದನ್ನು ಅವರೇ ಕಂಡುಹಿಡಿದರು. ಕಾವು ಕೊಡಬೇಕಾದ ಹಕ್ಕಿ ಮೊಟ್ಟೆಯನ್ನು ತಂಪು ಮಾಡುತ್ತಿದೆ ಎಂಬ ತೀರ್ಮಾನಕ್ಕೆ ಬಂದವಳು ಐದನೆಯ ತರಗತಿಯ ಹುಡುಗಿ. ಅದು ಟಿಟ್ಟಿಭವೆಂದು ಸಂಜೆ ಪುಸ್ತಕದಿಂದ ತಿಳಿಯಿತು. ಹುಡುಗನಿಗೆ ಹೆಸರು ಮೊದಲೇ ಗೊತ್ತಿದ್ದಿದ್ದರೆ ಅದನ್ನು ಹೇಳಿ, ಎರಡು ನಿಮಿಷದಲ್ಲಿ ಮುಂದೆ ನಡೆದುಬಿಡುತ್ತಿದ್ದ. ದೂರ ಕುಳಿತದ್ದೂ ಮುಖ್ಯ. ಹತ್ತಿರ ಹೋಗಿ ತಾಯಿಯನ್ನು ಎಬ್ಬಿಸಿದರೆ ಏಪ್ರಿಲ್ ಬಿಸಿಲಿಗೆ ಆ ಮೊಟ್ಟೆಗಳು ಕಲ್ಲಿನ ಮೇಲೆ ಬೆಂದುಹೋಗುತ್ತವೆ.

ದಿನಚರಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಬೆಳಗ್ಗೆ ಹನ್ನೊಂದರಿಂದ ಮೂರರವರೆಗೆ ಬಿಸಿಲಿನಲ್ಲಿ ಮಕ್ಕಳಿರಬಾರದು. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಧ್ಯಾಹ್ನ ಎರಡರ ಬಳಿಕ ಗುಡುಗು ಸಿಡಿಲು ಹೆಚ್ಚು. ಹಾಗಾಗಿ ಪೊಸಡಿಗುಂಪೆಯಂಥ ಬೋಳುಗುಡ್ಡಗಳ ನಡಿಗೆಗೆ ನಿಮಗೆ ಉಳಿಯುವುದು ಬೆಳಗಿನ ಆರರಿಂದ ಹತ್ತೂವರೆ ಮಾತ್ರ. ಮರವಿಲ್ಲದ ಪದವಿನ ಮೇಲೆ ನಿಂತ ಮಗುವೇ ಅಲ್ಲಿನ ಅತಿ ಎತ್ತರದ ವಸ್ತು ಎಂಬುದನ್ನು ಸ್ವಯಂಸೇವಕರಿಗೆ ಬಾಯಿಪಾಠ ಮಾಡಿಸಿ. ಮಿಂಚು ಕಂಡು ಗುಡುಗು ಕೇಳುವ ನಡುವೆ ಎಣಿಸಿದ ಸೆಕೆಂಡುಗಳನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರು ದೂರದಲ್ಲಿದೆಯೆಂಬುದು ಸುಮಾರಾಗಿ ಸಿಗುತ್ತದೆ. ಎಣಿಕೆ ಮೂವತ್ತಕ್ಕಿಂತ ಕಡಿಮೆಯಾದರೆ ಕಾಂಕ್ರೀಟು ಛಾವಣಿಯ ಕೆಳಗಿರಬೇಕು, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ಹೊರಬರಕೂಡದು. ನಡುಹಗಲಿಗೆ ನೆರಳಿನ ಕೆಲಸ ಕೊಡಿ. ಸುರಂಗದಿಂದ ಬೀಳುವ ನೀರಿಗೆ ಹತ್ತು ಲೀಟರಿನ ಬಕೆಟು ಹಿಡಿದು ಗಡಿಯಾರ ನೋಡಲು ಹೇಳಿ. ನಾಲ್ಕು ನಿಮಿಷಕ್ಕೆ ತುಂಬಿತೆಂದರೆ ದಿನಕ್ಕೆ 3600 ಲೀಟರು. ಒಂದು ಮನೆಗೆ ದಿನಕ್ಕೆ ಎಷ್ಟು ಕೊಡಪಾನ ಬೇಕು, ತೋಟಕ್ಕೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕಕ್ಕೆ ಮಕ್ಕಳು ತಾವಾಗಿ ಇಳಿಯುತ್ತಾರೆ.

ಮುಳ್ಳೇರಿಯದಿಂದ ಒಬ್ಬ ಅಧ್ಯಾಪಕರು: ನಮ್ಮ ಶಿಬಿರ ಪಯಸ್ವಿನಿ ಹೊಳೆಯ ಸಮೀಪದಲ್ಲಿದೆ. ಬೇಸಿಗೆಯಲ್ಲಿ ನೀರು ಕಡಿಮೆ. ಮಕ್ಕಳನ್ನು ಒಂದು ದಿನ ಹೊಳೆಯ ಸ್ನಾನಕ್ಕೆ ಕರೆದೊಯ್ಯಬೇಕೆಂದು ಹೆತ್ತವರೇ ಒತ್ತಾಯಿಸುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಬೇಡ. ಹೆತ್ತವರು ತಮ್ಮ ಬಾಲ್ಯದ ಹೊಳೆಯನ್ನು ನೆನೆದು ಹೇಳುತ್ತಿದ್ದಾರೆ. ಅವರನ್ನು ಅಂದು ಹೊಳೆಗಿಳಿಸಿದವರು ಅದರ ಪ್ರತಿ ಗುಂಡಿಯನ್ನೂ ಬಲ್ಲ ಮನೆಮಂದಿ. ಬೇಸಿಗೆಯ ಹೊಳೆಯಲ್ಲಿ ನೀರು ಕಡಿಮೆಯಾಗಿರುವುದು ಹರಿವಿನಲ್ಲಿ ಮಾತ್ರ, ಕಯಗಳಲ್ಲಿ, ಅಂದರೆ ಆಳದ ಮಡುಗಳಲ್ಲಿ ಅಲ್ಲ. ಮರಳು ತೆಗೆದ ಕಡೆ ಮೊಣಕಾಲು ಮಟ್ಟದ ನೀರು ಒಂದೇ ಹೆಜ್ಜೆಗೆ ತಲೆ ಮುಳುಗಿಸುತ್ತದೆ. ಮೇಲೆ ಕೊಡಗಿನ ಕಡೆ ಸಂಜೆ ಮಳೆಯಾದರೆ ಇಲ್ಲಿ ಬಿಸಿಲಿದ್ದಾಗಲೂ ನೀರು ಏರಬಹುದು. ಇನ್ನೊಂದು ಸಂಗತಿ, ಮುಳುಗುವ ಮಗು ಕೂಗಿ ಕರೆಯುವುದಿಲ್ಲ. ಉಸಿರಿಗೇ ಸಾಲದ ಬಾಯಿಯಿಂದ ಕೂಗು ಹೊರಡುವುದಿಲ್ಲ, ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟದಲ್ಲಿದ್ದು, ಒಂದು ನಿಮಿಷದೊಳಗೆ ಸದ್ದಿಲ್ಲದೆ ಎಲ್ಲ ಮುಗಿಯುತ್ತದೆ. ಹತ್ತು ಮಕ್ಕಳು ಕಿರುಚಾಡುವಲ್ಲಿ ಸುಮ್ಮನಿರುವ ಹನ್ನೊಂದನೆಯವನನ್ನು ಯಾರೂ ನೋಡುವುದಿಲ್ಲ. ಮಳೆನೀರು ನಿಂತ ಹಳೆಯ ಕೆಂಪುಕಲ್ಲಿನ ಕೋರೆಗಳ ಬಗ್ಗೆಯಂತೂ ಚರ್ಚೆಯೇ ಬೇಡ, ಅವುಗಳ ಅಂಚಿಗೂ ಮಕ್ಕಳು ಹೋಗಬಾರದು.

ಹಾಗೆಂದು ಹೊಳೆಯನ್ನೇ ಬಿಡಬೇಕಿಲ್ಲ. ದಡದ ನೆರಳಿನಲ್ಲಿ ಕುಳ್ಳಿರಿಸಿ ಮಿಂಚುಳ್ಳಿ ಮೀನಿಗೆ ಹೊಂಚು ಹಾಕುವುದನ್ನು ತೋರಿಸಬಹುದು. ಕೆಳಗೆ ಚಂದ್ರಗಿರಿ ಎನಿಸಿಕೊಳ್ಳುವ ಈ ಹೊಳೆಯಲ್ಲಿ, ಹೆಚ್ಚಿನ ಹೊತ್ತು ಮರಳು ಕೆಸರಿನಲ್ಲಿ ಹುದುಗಿಯೇ ಇರುವ ಕ್ಯಾಂಟರನ ದೈತ್ಯ ಮೆದುಚಿಪ್ಪಿನ ಆಮೆ ಇದೆ. ಲೋಕದಲ್ಲೇ ಅಳಿವಿನ ಅಂಚಿನಲ್ಲಿರುವ ಈ ಆಮೆಯನ್ನು 2023ರಲ್ಲಿ ಕಾಸರಗೋಡು ತನ್ನ ಜಿಲ್ಲೆಯ ಪ್ರಾಣಿಯೆಂದು ಘೋಷಿಸಿಕೊಂಡಿತು. ಅದು ಕಾಣಸಿಗುವುದು ಅಪರೂಪ, ಆದರೆ ಅದು ಮೊಟ್ಟೆಯಿಡುವುದು ಇಂಥ ಮರಳ ದಿಬ್ಬಗಳಲ್ಲಿ ಎಂದು ತಿಳಿದ ಮಗು ಮರಳಿನ ಮೇಲೆ ಕಾಲಿಡುವ ಮೊದಲು ಒಮ್ಮೆ ನೋಡುತ್ತದೆ.

ಬದಿಯಡ್ಕದಿಂದ ಒಬ್ಬ ಓದುಗರು: ಶಿಬಿರದಲ್ಲಿ ಹಾವು ಕಚ್ಚಿದರೆ ಏನು ಪ್ರಥಮ ಚಿಕಿತ್ಸೆ ಮಾಡಬೇಕು? ಯಾವ ಔಷಧ ಇಟ್ಟುಕೊಂಡಿರಬೇಕು?

ಇಟ್ಟುಕೊಳ್ಳಬೇಕಾದದ್ದು ಔಷಧವಲ್ಲ, ಒಂದು ವಾಹನ ಮತ್ತು ಅದರ ಚಾಲಕ. ಕಟ್ಟು ಬಿಗಿಯುವುದು, ಕೊಯ್ಯುವುದು, ಬಾಯಿಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ, ಮಗುವನ್ನು ನಡೆಸದೆ, ಎತ್ತಿಕೊಂಡು ಆಸ್ಪತ್ರೆಗೆ ಹೋಗಬೇಕು. ಎಲ್ಲ ಆಸ್ಪತ್ರೆಗಳಲ್ಲೂ ಪ್ರತಿವಿಷ ಇರುವುದಿಲ್ಲವಾದ್ದರಿಂದ ಅದು ಎಲ್ಲಿದೆ ಎಂದು ಶಿಬಿರಕ್ಕೆ ಮೊದಲೇ ದೂರವಾಣಿಯಲ್ಲಿ ವಿಚಾರಿಸಿ, ಆ ದಾರಿಯಲ್ಲಿ ಒಮ್ಮೆ ಹೋಗಿ ಬನ್ನಿ. 108ಕ್ಕೆ ಕರೆ ಮಾಡುವಾಗ ಹೇಳಬೇಕಾದ ಗುರುತಿನ ಜಾಗವನ್ನು ಮಲಯಾಳದಲ್ಲೂ ಬರೆದು ಗೋಡೆಗೆ ಅಂಟಿಸಿ, ಗಾಬರಿಯಲ್ಲಿ ಭಾಷೆ ಕೈಕೊಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳನ್ನು ಬರಿ ನೆಲದಲ್ಲಿ ಮಲಗಿಸಬೇಡಿ. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನಿದ್ದೆಯಲ್ಲಿರುವವರನ್ನು. ಅದರ ಕಡಿತ ನೋಯುವುದಿಲ್ಲ, ಗುರುತು ಕೂಡ ಸರಿಯಾಗಿ ಕಾಣುವುದಿಲ್ಲ. ಬೆಂಚುಗಳನ್ನು ಜೋಡಿಸಿ ಮೇಲೆ ಮಲಗಿಸಿ, ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಕ್ಕೆ ಸಿಕ್ಕಿಸಿ. ನಸುಕಿನಲ್ಲಿ ಹೊಟ್ಟೆನೋವೆಂದೋ ರೆಪ್ಪೆ ಎತ್ತಲಾಗುತ್ತಿಲ್ಲವೆಂದೋ ಹೇಳುವ ಮಗುವನ್ನು ಕಷಾಯ ಕುಡಿಸಿ ಮಲಗಿಸಬಾರದು. ಹಾವು ಕಂಡರೆ ಹಿಡಿಯುವ ಸಾಹಸವನ್ನು ಸ್ವಯಂಸೇವಕರು ಮಾಡದಿರಲಿ. ಕೇರಳದ ಅರಣ್ಯ ಇಲಾಖೆಯ ಸರ್ಪ ಆ್ಯಪ್‌ನಲ್ಲಿ ಪರವಾನಗಿಯುಳ್ಳ ಹಾವು ಹಿಡಿಯುವವರು ಸಿಗುತ್ತಾರೆ.

ಮಂಜೇಶ್ವರದಿಂದ ಒಬ್ಬ ಶಿಕ್ಷಕಿ: ನಮ್ಮ ಶಿಬಿರಕ್ಕೆ ಕನ್ನಡ ಮಾಧ್ಯಮದ ಮಕ್ಕಳ ಜೊತೆ ಮಲಯಾಳ ಮಾಧ್ಯಮದವರೂ ಬರುತ್ತಾರೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರಿದ್ದಾರೆ. ಕನ್ನಡ ಉಳಿಯಬೇಕೆಂಬ ಉದ್ದೇಶದಿಂದಲೇ ನಡೆಸುವ ಶಿಬಿರವಿದು. ಕನ್ನಡದಲ್ಲೇ ಮಾತಾಡಬೇಕೆಂಬ ನಿಯಮ ಮಾಡಬಹುದೇ?

ನಿಮ್ಮ ಕಳವಳ ನನ್ನದೂ ಹೌದು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರಿನಿಂದ ಈ ನೆಲದ ಕನ್ನಡ ಶಾಲೆಗಳು ಪಡುತ್ತಿರುವ ಪಾಡನ್ನು ಬಲ್ಲವರು ಅದನ್ನು ಹಗುರವಾಗಿ ಕಾಣಲಾರರು. ಆದರೆ ನಿಯಮ ಬೇಡ. ನಿಯಮ ಮಾಡಿದರೆ ಕನ್ನಡ ಬಾರದ ಮಗು ಸುಮ್ಮನಾಗುತ್ತದೆ, ಸುಮ್ಮನಾದ ಮಗುವಿನ ಕಾಲಿಗೆ ಮುಳ್ಳು ಚುಚ್ಚಿದ್ದೂ ನಿಮಗೆ ತಿಳಿಯುವುದಿಲ್ಲ. ಕನ್ನಡವನ್ನು ಶಿಬಿರದ ನಡೆನುಡಿಯಾಗಿಸಿ: ಹಾಡು, ಕತೆ, ದಿನಚರಿಯ ಫಲಕ, ರಾತ್ರಿಯ ನಾಟಕ ಎಲ್ಲವೂ ಕನ್ನಡದಲ್ಲಿರಲಿ. ಗಿಡ ಹಕ್ಕಿಗಳ ಹೆಸರನ್ನು ಮಾತ್ರ ಎಲ್ಲ ಮನೆಗಳಿಂದ ತರಿಸಿ. ಒಂದು ಹಲಸಿನ ಮರದ ಕೆಳಗೆ ನಿಂತು ಕೇಳಿದರೆ ಪೆಲ, ಚಕ್ಕ, ಪಣಸ, ಫಣಸ ಎಂದು ನಾಲ್ಕು ಕಡೆಯಿಂದ ಉತ್ತರ ಬರುತ್ತದೆ. ಅವುಗಳನ್ನೆಲ್ಲ ಕನ್ನಡ ಲಿಪಿಯಲ್ಲಿ ಒಂದೇ ರಟ್ಟಿನ ಮೇಲೆ ಬರೆದು ಮರಕ್ಕೆ ತೂಗಿಬಿಡಿ. ಕಾಸರಕದ ಮರವನ್ನು ಮರೆಯಬೇಡಿ. ಊರಿಗೆ ಹೆಸರು ಬಂದದ್ದು ಅದರಿಂದಲೇ ಎಂಬ ಮಾತಿದೆ, ಮಲಯಾಳದಲ್ಲಿ ಕಾಞ್ಞಿರಂ ಎನ್ನುವ ಆ ಮರವೇ ಈಗ ಜಿಲ್ಲಾ ಮರವೂ ಹೌದು. ಕಿತ್ತಳೆ ಬಣ್ಣದ ಅದರ ಹಣ್ಣು ಮಕ್ಕಳನ್ನು ಕೈಬೀಸಿ ಕರೆಯುತ್ತದೆ, ಬೀಜದಲ್ಲಿ ಕಡುವಿಷವಿದೆ. ಕೇಪಳ, ಕುಂಟಾಲ, ಚೂರಿ ಹಣ್ಣುಗಳನ್ನು ಕಿತ್ತು ತಿನ್ನಲು ಕಲಿಸುವ ದಿನವೇ ಇದನ್ನು ಮುಟ್ಟಬಾರದೆಂದೂ ಕಲಿಸಬೇಕು. ಆ ಎಚ್ಚರಿಕೆಯನ್ನು ಮಾತ್ರ ಎಷ್ಟು ಭಾಷೆ ಬರುತ್ತದೋ ಅಷ್ಟರಲ್ಲೂ ಹೇಳಿ.

ನೀರ್ಚಾಲಿನಿಂದ ಒಬ್ಬ ಯುವಕರು: ಮುಖ್ಯ ಮಾರ್ಗದರ್ಶಿಯಾಗಿ ದುಡಿದದ್ದಕ್ಕೆ ಗೌರವಧನ ಕೇಳಿದರೆ ತಪ್ಪಾಗುತ್ತದೆಯೇ? ಸೇವೆಯೆಂದು ಎಲ್ಲರೂ ಹೇಳುತ್ತಾರೆ.

ಕೇಳಿ. ಅಡುಗೆಯವರಿಗೆ, ಬಸ್ಸಿನವರಿಗೆ ಕೊಡುವಾಗ ಯಾರಿಗೂ ಸೇವೆಯ ನೆನಪಾಗುವುದಿಲ್ಲ. ಐದು ದಿನದ ಶಿಬಿರಕ್ಕೆ ಹದಿನೈದು ದಿನದ ಕೆಲಸವಿದೆ: ದಾರಿ ನಡೆದು ನೋಡುವುದು, ಪ್ರತಿ ಮಗುವಿನ ಕಾಯಿಲೆ, ಔಷಧ, ಅಲರ್ಜಿಗಳ ವಿವರ ಬರೆಸಿಕೊಳ್ಳುವುದು, ಕಾಡಿನ ಅಂಚಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯುವುದು, ಮುಳಿಯಾರು, ಕಾರಡ್ಕ, ದೇಲಂಪಾಡಿಯ ಕಡೆಯಾದರೆ ಆನೆ ಇಳಿದಿದೆಯೇ ಎಂದು ಹಿಂದಿನ ಸಂಜೆ ವಿಚಾರಿಸುವುದು. ಹಣ ಬೇಡವೆನಿಸಿದರೆ ಪಡೆದು ಶಿಬಿರಕ್ಕೆ ದೂರದರ್ಶಕ ಕೊಡಿಸಿ. ಆದರೆ ಮೊತ್ತವನ್ನು ಮೊದಲೇ ಮಾತಾಡಿಕೊಳ್ಳಿ, ಕೊನೆಯ ದಿನದ ಶಾಲು ಹಾರದ ಗಡಿಬಿಡಿಯಲ್ಲಿ ಅದು ಮರೆತುಹೋಗುತ್ತದೆ.

ಕುಂಬಳೆಯಿಂದ ಒಬ್ಬ ತಾಯಿ: ನನ್ನ ಮಗಳಿಗೆ ಒಂಬತ್ತು ವರ್ಷ. ಅವಳು ಒಮ್ಮೆಯೂ ಮನೆ ಬಿಟ್ಟು ಮಲಗಿದವಳಲ್ಲ. ವಸತಿ ಶಿಬಿರಕ್ಕೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಅಲ್ಲಿ ಮೊಬೈಲು ಬಿಡುವುದಿಲ್ಲವಂತೆ. ಕಳುಹಿಸಬಹುದೇ? ನಡೆಸುವವರನ್ನು ಏನು ಕೇಳಿಕೊಳ್ಳಬೇಕು?

ಹಟ ಹಿಡಿದದ್ದು ಅವಳೇ ಆದರೆ ಅರ್ಧ ಚಿಂತೆ ಕಳೆಯಿತು. ಕಳುಹಿಸುವ ಮೊದಲು ಮುಖ್ಯ ಮಾರ್ಗದರ್ಶಿಯನ್ನು ನೇರವಾಗಿ ಕಂಡು ಕೇಳಿ: ಹೆಣ್ಣುಮಕ್ಕಳು ಮಲಗುವ ಕೋಣೆಯಲ್ಲಿ ರಾತ್ರಿ ಯಾವ ಹೆಂಗಸರಿರುತ್ತಾರೆ, ದೊಡ್ಡವರೊಬ್ಬರೇ ಒಂದು ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರಬಾರದೆಂಬ ನಿಯಮ ಇದೆಯೇ, ಮಗು ದೂರು ಹೇಳಬೇಕಾದರೆ ಯಾರ ಬಳಿ ಹೋಗಬೇಕೆಂದು ಮೊದಲ ದಿನವೇ ಹೇಳಿಕೊಡುತ್ತಾರೆಯೇ? ಲೈಂಗಿಕ ಕಿರುಕುಳದ ಸಂಶಯ ಬಂದರೂ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೋ ಕಾಯಿದೆಯ ಪ್ರಕಾರ ಕಡ್ಡಾಯ, ಅದನ್ನು ಶಿಬಿರದವರು ತಮ್ಮೊಳಗೇ ಮುಗಿಸುವಂತಿಲ್ಲ. ಇಂಥ ಪ್ರಶ್ನೆಗಳಿಗೆ ಮುಖ ಗಂಟಿಕ್ಕುವವರ ಶಿಬಿರಕ್ಕೆ ಕಳುಹಿಸಬೇಡಿ. 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಮಗಳಿಗೂ ಬಾಯಿಪಾಠ ಮಾಡಿಸಿ.

ಮನೆಯ ನೆನಪು ಕಾಡುವುದು ಮೊದಲ ರಾತ್ರಿಗಿಂತ ಎರಡನೆಯ ರಾತ್ರಿ ಹೆಚ್ಚು. ಮೊದಲ ರಾತ್ರಿ ಹೊಸತನದಲ್ಲಿ ಕಳೆಯುತ್ತದೆ, ಎರಡನೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ಗಂಟಲು ಕಟ್ಟುತ್ತದೆ. ಆ ಹೊತ್ತಿನಲ್ಲಿ ಅಮ್ಮನ ಧ್ವನಿ ಕೇಳಿದರೆ ಅಳು ನಿಲ್ಲುವುದಿಲ್ಲ, ಕಟ್ಟೆಯೊಡೆಯುತ್ತದೆ. ಆದ್ದರಿಂದಲೇ ಸಂಜೆಯ ಕರೆ ಬೇಡವೆನ್ನುತ್ತಾರೆ, ಅದು ಸರಿ. ಆದರೆ ನಿಮಗೆ ರಾತ್ರಿ ಒಂಬತ್ತಕ್ಕೆ ಶಿಬಿರದಿಂದ ಒಂದು ಸಾಲಿನ ಸಂದೇಶ ಬರಬೇಕೆಂದು ಕೇಳುವ ಹಕ್ಕು ನಿಮಗಿದೆ. ಅಳು ಬಂದರೆ ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಹೊರಡುವಾಗ ಮಾತು ಕೊಡಬೇಡಿ. ನೀವು ಉಟ್ಟ ಹಳೆಯ ಸೀರೆಯೊಂದನ್ನು ಹೊದಿಕೆಯೆಂದು ಚೀಲದ ಅಡಿಗೆ ಹಾಕಿ. ಹೀಗೆ ಬಂದಿದ್ದ ಹುಡುಗಿಯೊಬ್ಬಳು ಎರಡನೆಯ ರಾತ್ರಿ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡು ಬಿಕ್ಕುತ್ತಿದ್ದಾಗ, ಗುಂಪಿನ ಅಕ್ಕ ಸಮಾಧಾನ ಹೇಳುವ ಬದಲು ಅವಳನ್ನು ಜಗಲಿಗೆ ಕರೆದೊಯ್ದು ಟಾರ್ಚು ಆರಿಸಿ ಕುಳಿತಳು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಹಾಗೆ ಕುಳಿತಂತೆ ತೋಡಿನಾಚೆಯ ಮರದಲ್ಲಿ ಮಿಂಚುಹುಳಗಳು ಒಂದೊಂದಾಗಿ ಕಾಣತೊಡಗಿದವು. ಅವಳು ಎಣಿಸುತ್ತಾ ನಲವತ್ತರ ಸುಮಾರಿಗೆ ಅಕ್ಕನ ಮಡಿಲಲ್ಲೇ ನಿದ್ದೆಹೋದಳು. ಸೀರೆ ಜಗಲಿಯಲ್ಲೇ ಉಳಿದಿತ್ತು, ಬೆಳಗ್ಗೆ ನಾನು ಮಡಚಿ ಅವಳ ಚೀಲಕ್ಕೆ ಹಾಕಿದೆ.